ಬೆದೆಯಲ್ಲಿಲ್ಲದ ಹೆಣ್ಣಿಲಿ ಗಂಡಿನ ವಾಸನೆಗೆ ಸೊಪ್ಪು ಹಾಕದಿರುವುದು ಮೂಗಿನ ಕೆಲಸವೋ, ಮಿದುಳಿನದೋ?

ಘ್ರಾಣಪ್ರಶ್ನೆ

ಪರೀಕ್ಷೆ ಸರಳವಾದದ್ದು. ಉದ್ದನೆಯ ಪೆಟ್ಟಿಗೆಯ ಒಂದು ತುದಿಯಲ್ಲಿ 20 ಮೈಕ್ರೊಲೀಟರ್ ಗಂಡಿಲಿಯ ಮೂತ್ರ ಹಾಕಿದ ಫಿಲ್ಟರ್ ಕಾಗದ, ಇನ್ನೊಂದು ತುದಿಯಲ್ಲಿ ವೃಷಣ ತೆಗೆದ ಗಂಡಿನ ಮೂತ್ರ ಅಷ್ಟೇ ಪ್ರಮಾಣದಲ್ಲಿ. ಎರಡೂ ಕಾಗದ ಜಾಲರಿಯ ಹಿಂದೆ ಇವೆ, ಮೂಗು ತಾಗುವುದಿಲ್ಲ. ಹೆಣ್ಣುಗಳು ಸಿ57ಬಿಎಲ್/6 ತಳಿಯವು, ಗಂಡಿನ ಜತೆ ಒಮ್ಮೆಯೂ ಇರದವು. ಒಂದು ದಿನ ಗಂಡಿನ ಕಡೆ ಒಲವು ಕಾಣುತ್ತದೆ, ಎರಡು ದಿನ ಬಿಟ್ಟು ನೋಡಿದರೆ ಅದೇ ಇಲಿ ಎರಡೂ ತುದಿಯಲ್ಲಿ ಸಮ ಹೊತ್ತು ಕಳೆಯುತ್ತದೆ.

ಋತುಚಕ್ರದ ಪ್ರಭಾವ ಅನ್ನುವುದು ಗೊತ್ತು. ನನ್ನ ಪ್ರಶ್ನೆ, ಆ ಪ್ರಭಾವ ಬೀಳುವುದು ಎಲ್ಲಿ? ವಾಸನೆಯ ಸುದ್ದಿ ಮಿದುಳಿನ ತಳದಲ್ಲಿ ಲೈಂಗಿಕ ನಡವಳಿಕೆ ನಿಯಂತ್ರಿಸುವ ಹೈಪೊಥಾಲಮಸ್‌ವರೆಗೂ ಹೋಗಿ ಅಲ್ಲಿ "ಈಗ ಬೇಡ" ಎಂದು ವಾಪಸಾಗುತ್ತದೆಯೇ? ಅಥವಾ ಅದಕ್ಕೂ ಮೊದಲೇ ಎಲ್ಲೋ ತಡೆಯಾಗುತ್ತದೆಯೇ?

ಮೂಗುದಾರ

ಮೊದಲೇ, ಮೂಗಿನಲ್ಲೇ. ಪೂರ್ತಿ ಉತ್ತರ ಅದಲ್ಲ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಭಾಗ ಅದೇ.

2015ರಲ್ಲಿ ಲೀಸಾ ಸ್ಟೋವರ್ಸ್ ಅವರ ತಂಡ 'ಸೆಲ್' ಪತ್ರಿಕೆಯಲ್ಲಿ ತೋರಿಸಿದ್ದು ಇದನ್ನೇ. ಇಲಿಯ ಮೂಗಿನ ನಡುಗೋಡೆಯ ಬುಡದಲ್ಲಿ, ಎರಡೂ ಪಕ್ಕದಲ್ಲಿ, ಹಿಂದಿನ ತುದಿ ಮುಚ್ಚಿದ ಸಣ್ಣ ಕೊಳವೆಯಂಥ ವೊಮೆರೊನೇಸಲ್ ಅಂಗ ಇದೆ. ಗಂಡಿನ ಮೂತ್ರದ ಪ್ರೋಟೀನುಗಳನ್ನು ಗುರುತಿಸುವ ನರಕೋಶಗಳು ಅಲ್ಲಿವೆ. ಹೆಣ್ಣು ಬೆದೆಯಿಲ್ಲದ ಡೈಈಸ್ಟ್ರಸ್ ಹಂತದಲ್ಲಿದ್ದಾಗ, ಅಂದರೆ ಪ್ರೊಜೆಸ್ಟರಾನ್ ಮೇಲುಗೈ ಪಡೆದಾಗ, ಈ ಕೋಶಗಳು ಗಂಡಿನ ಸಂಕೇತಕ್ಕೆ ಸದ್ದಿಲ್ಲದಂತಾಗುತ್ತವೆ. ಸುದ್ದಿ ಮಿದುಳಿಗೆ ಹೊರಡುವುದೇ ಇಲ್ಲ, ಇನ್ನು ತಿರಸ್ಕರಿಸುವ ಮಾತೆಲ್ಲಿ?

ಹಾಗೆಂದು ಇಡೀ ಅಂಗವೇ ಮುಚ್ಚಿಕೊಳ್ಳುವುದಿಲ್ಲ. ಬೆಕ್ಕಿನ ಸಂಕೇತ ಹಿಡಿಯುವ ಕೋಶಗಳು ಅದೇ ಡೈಈಸ್ಟ್ರಸ್‌ನಲ್ಲೂ ಎಚ್ಚರವಾಗಿರುತ್ತವೆ. ಗಂಡು ಬೇಡದ ದಿನವೂ ಬೆಕ್ಕು ಬರಬಹುದಲ್ಲ.

ಹಾರ್ಮೋನ್‌ಹಳ್ಳಿ

ಮೂಗುದಾರ ಅವರ ಮಾತು ಸರಿ, ಆದರೆ ಘ್ರಾಣಪ್ರಶ್ನೆ ಅವರ ಪರೀಕ್ಷೆಗೆ ಅದು ನೇರವಾಗಿ ಹೊಂದುವುದಿಲ್ಲ. ಅವರು ಕಾಗದವನ್ನು ಜಾಲರಿಯ ಹಿಂದೆ ಇಟ್ಟಿದ್ದಾರೆ. ಜಾಲರಿ ದಾಟಿ ಬರುವುದು ಆವಿಯಾಗುವ ಸಣ್ಣ ಅಣುಗಳು ಮಾತ್ರ, ಅವನ್ನು ಮುಖ್ಯವಾಗಿ ಹಿಡಿಯುವುದು ಮೂಗಿನ ಮೇಲ್ಭಾಗದ ಮುಖ್ಯ ಘ್ರಾಣಪಟಲ. ವೊಮೆರೊನೇಸಲ್ ಅಂಗಕ್ಕೆ ಬೇಕಾದ ಪ್ರೋಟೀನು ಗಾಳಿಯಲ್ಲಿ ಹಾರಿ ಬರುವುದಿಲ್ಲ. ಮೂಗು ಒದ್ದೆ ಕಾಗದಕ್ಕೆ ತಾಗಬೇಕು, ದ್ರವ ಒಳಗೆ ಹೋಗಬೇಕು.

ಒಳಗೆ ಹೋಗುವುದೂ ಉಸಿರಿನಿಂದಲ್ಲ. ಕೊಳವೆಯ ಪಕ್ಕದಲ್ಲೇ ದಪ್ಪ ರಕ್ತನಾಳ ಇದೆ. ಸಿಂಪಥೆಟಿಕ್ ನರ ಅದನ್ನು ಕುಗ್ಗಿಸಿದಾಗ ಕೊಳವೆ ಹಿಗ್ಗಿ ದ್ರವವನ್ನು ಎಳೆದುಕೊಳ್ಳುತ್ತದೆ, ನಾಳ ಮತ್ತೆ ಉಬ್ಬಿದಾಗ ಹೊರಗೆ ತಳ್ಳುತ್ತದೆ. ಮೈಕೆಲ್ ಮೆರೆಡಿತ್ ಮತ್ತು ಓಕಾನಲ್ 1979ರಲ್ಲಿ ಹ್ಯಾಮ್‌ಸ್ಟರ್‌ನಲ್ಲಿ ಈ ಪಂಪನ್ನು ವಿವರಿಸಿದರು. ಇಲಿಗೆ ಆಸಕ್ತಿ ಕೆರಳಿದಾಗ ಪಂಪು ನಡೆಯುತ್ತದೆ. ಅರಿವಳಿಕೆ ಕೊಟ್ಟ ಪ್ರಾಣಿಯ ಮೂಗಿನ ಮೇಲೆ ಮೂತ್ರ ಸುರಿದು "ಆಕ್ಸೆಸರಿ ಬಲ್ಬ್ ಪ್ರತಿಕ್ರಿಯಿಸಲಿಲ್ಲ" ಎಂದು ಬರೆಯುವವರು ಮರೆಯುವುದು ಇದನ್ನೇ. (ಆಕ್ಸೆಸರಿ ಬಲ್ಬ್ ಅಂದರೆ ವೊಮೆರೊನೇಸಲ್ ಅಂಗದ ಸುದ್ದಿ ಮಿದುಳಿನಲ್ಲಿ ಮೊದಲು ತಲುಪುವ ಭಾಗ.) 2010ರಲ್ಲಿ ಬೆನ್-ಶಾಲ್, ಕ್ಯಾಟ್ಜ್, ಮೂನಿ, ಡುಲಾಕ್ ಅವರು ಅರಿವಳಿಕೆಯಲ್ಲಿದ್ದ ಇಲಿಯ ಸಿಂಪಥೆಟಿಕ್ ನರಕ್ಕೇ ವಿದ್ಯುತ್ ಕೊಟ್ಟು ಪಂಪು ನಡೆಸಿ ದಾಖಲಿಸಿದ್ದು ಇದೇ ಕಾರಣಕ್ಕೆ.

ಘ್ರಾಣಪ್ರಶ್ನೆ

ಹಾಗಾದರೆ ಜಾಲರಿ ಇದ್ದೂ ಕೆಲವು ದಿನ ಒಲವು ಕಾಣುವುದು ಹೇಗೆ?

ಹಾರ್ಮೋನ್‌ಹಳ್ಳಿ

ನಿಮ್ಮ ಹೆಣ್ಣುಗಳ ವಾಸನಾ ಚರಿತ್ರೆ ಎಷ್ಟು ಖಚಿತ? "ಗಂಡಿನ ಜತೆ ಇರದವು" ಅಂದರೆ ಗಂಡಿನ ಪಂಜರದ ತಳಕ್ಕೆ ಹಾಸಿದ ಬೆಡ್ಡಿಂಗ್‌ಗೂ ಮೂಗು ತಾಗಿಸಿಲ್ಲವೇ? ಹಾಲು ಬಿಡಿಸಿದ ಮೇಲೆ ಗಂಡುಗಳ ಪಂಜರ ಅದೇ ರ‍್ಯಾಕಿನಲ್ಲಿ ಇತ್ತೇ? ಪರೀಕ್ಷಾ ಪೆಟ್ಟಿಗೆಯಲ್ಲಿ ಹಿಂದಿನ ಗಂಡಿನ ಉಚ್ಚೆಯ ಕಲೆ ಉಳಿದಿತ್ತೇ?

ಇದು ಯಾಕೆ ಮುಖ್ಯ ಅಂದರೆ, ಲಿವರ್‌ಪೂಲ್‌ನಲ್ಲಿ ಜೇನ್ ಹರ್ಸ್ಟ್ ಅವರ ಗುಂಪು 2008ರಲ್ಲಿ ತೋರಿಸಿದ ಹಾಗೆ, ಒಂದು ಗಂಡಿನ ಗುರುತನ್ನು ಮೂಗು ತಾಗಿಸಿ ನೋಡಿದ ಮೇಲಷ್ಟೇ ಆ ಗಂಡಿನ ಗಾಳಿಯಲ್ಲಿ ಬರುವ ವಾಸನೆ ಹೆಣ್ಣಿಗೆ ಆಕರ್ಷಕವಾಗುತ್ತದೆ. ಪ್ರೋಟೀನು ಹುಟ್ಟಿನಿಂದಲೇ ಅರ್ಥವುಳ್ಳ ಸಂಕೇತ, ಅದರ ಜತೆ ಬರುವ ಆವಿ ಕಲಿತದ್ದು. ಹಾಗಾಗಿ ನಿಜವಾಗಿಯೂ ಏನೂ ತಿಳಿಯದ ಹೆಣ್ಣಿಗೆ ಜಾಲರಿಯ ಹಿಂದೆ ಕಾಗದ ಇಟ್ಟರೆ ಒಲವು ಬರಬೇಕಾದ್ದೇ ಇಲ್ಲ. ನಿಮ್ಮಲ್ಲಿ ಒಮ್ಮೊಮ್ಮೆ ಬರುತ್ತಿದೆ ಎಂದರೆ ಎಲ್ಲೋ ಸೋರಿಕೆ ಆಗಿದೆ.

ಮೂಗುದಾರ

ಆ ಪ್ರೋಟೀನಿನ ಹೆಸರೂ ಇರಲಿ: ಡಾರ್ಸಿನ್. ಮೂತ್ರದ ಮುಖ್ಯ ಪ್ರೋಟೀನುಗಳ ಕುಟುಂಬದ 20ನೆಯದು, ಎಂಯುಪಿ20. 2010ರಲ್ಲಿ ಹರ್ಸ್ಟ್ ಮತ್ತು ಬೇನನ್ ತಂಡದವರು ಗುರುತಿಸಿ ಜೇನ್ ಆಸ್ಟಿನ್ ಕಾದಂಬರಿಯ ನಾಯಕ ಡಾರ್ಸಿಯ ಹೆಸರಿಟ್ಟರು. ವಿಜ್ಞಾನಿಗಳಿಗೆ ಹೆಸರಿಡುವ ಹುಚ್ಚು ಹತ್ತಿದರೆ ಹೀಗೆ. 2012ರಲ್ಲಿ ಅದೇ ಗುಂಪು ತೋರಿಸಿದ್ದು ಇನ್ನೂ ಸ್ವಾರಸ್ಯ: ಡಾರ್ಸಿನ್ ಇದ್ದ ಜಾಗಕ್ಕೆ ಹೆಣ್ಣು ಒಮ್ಮೆ ಮೂಗು ತಾಗಿಸಿದರೆ, ಗುರುತು ತೆಗೆದುಹಾಕಿದ ಮೇಲೂ ಸುಮಾರು 14 ದಿನ ಆ ಜಾಗವನ್ನೇ ಹುಡುಕಿ ಬರುತ್ತದೆ.

ಇದರಿಂದ ನಿಮಗೆ ನೇರ ತೊಂದರೆ ಇದೆ. ಸೋಮವಾರ ಎಡ ತುದಿಯಲ್ಲಿ ಗಂಡಿನ ಮೂತ್ರ ಮುಟ್ಟಲು ಬಿಟ್ಟು, ಗುರುವಾರ ಅದೇ ಪೆಟ್ಟಿಗೆಯಲ್ಲಿ ಅದೇ ಇಲಿಯನ್ನು ಬಿಟ್ಟರೆ ನೀವು ಅಳೆಯುವುದು ವಾಸನೆಯ ಒಲವನ್ನಲ್ಲ, ಜಾಗದ ನೆನಪನ್ನು.

ಬೆಡ್ಡಿಂಗ್‌ಬಾಕ್ಸ್

ಸಿದ್ಧಾಂತ ಸಾಕು, ಪೆಟ್ಟಿಗೆಗೆ ಬರೋಣ. ಇಂಥ ಪರೀಕ್ಷೆ ಕೆಡುವುದು ಸಾಮಾನ್ಯವಾಗಿ ಮೂತ್ರದಲ್ಲಿ, ಬೆಡ್ಡಿಂಗ್‌ನಲ್ಲಿ, ಹಂತ ಗುರುತಿಸುವುದರಲ್ಲಿ.

ಮೂತ್ರ: ಗುಂಪಿನಲ್ಲಿ ಇಟ್ಟ ಗಂಡುಗಳಿಂದ ತೆಗೆದದ್ದು ಬೇಡ. ಸೋತು ಬಾಲ ಮುದುರಿದ ಗಂಡಿನ ಮೂತ್ರದಲ್ಲಿ ಡಾರ್ಸಿನ್ ಕಡಿಮೆ, ಯಜಮಾನಿಕೆ ನಡೆಸುವ ಗಂಡಿನದರಲ್ಲಿ ಹೆಚ್ಚು. ಒಂದೊಂದನ್ನೇ ಬೇರೆ ಪಂಜರದಲ್ಲಿ ಇಟ್ಟ, ಪ್ರಾಯ ತುಂಬಿದ ಐದಾರು ಗಂಡುಗಳಿಂದ ತೆಗೆದು ಬೆರೆಸಿ. ಕತ್ತಿನ ಸಡಿಲ ಚರ್ಮ ಹಿಡಿದು ಮೂತ್ರಕೋಶದ ಮೇಲೆ ಮೆಲ್ಲಗೆ ಒತ್ತಿದರೆ ಕೆಲವು ಹನಿ ಬರುತ್ತದೆ. ಮಲ ಸೇರಿದ್ದನ್ನು ಬಿಸಾಡಿ. 50 ಮೈಕ್ರೊಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಿ, ಒಂದು ಟ್ಯೂಬನ್ನು ಒಮ್ಮೆ ಮಾತ್ರ ಕರಗಿಸಿ. ಗಂಧಕವುಳ್ಳ ಎಂಟಿಎಂಟಿಯಂಥ ಅಣುಗಳು ಗಾಳಿಗೆ ಬೇಗ ಕೆಡುತ್ತವೆ. ಇಲಿಯ ಮುಖ್ಯ ಘ್ರಾಣವ್ಯವಸ್ಥೆ ಗಂಡಿನ ಮೂತ್ರದಲ್ಲಿ ಗುರುತಿಸುವ ಎಂಟಿಎಂಟಿಯನ್ನು 2005ರಲ್ಲಿ ಕಂಡುಹಿಡಿದದ್ದು ಲಾರೆನ್ಸ್ ಕ್ಯಾಟ್ಜ್ ಅವರ ಪ್ರಯೋಗಾಲಯ. ಹಳೆಯ ಮೂತ್ರದಲ್ಲಿ ಪ್ರೋಟೀನು ಇದ್ದೇ ಇರುತ್ತದೆ, ಆವಿ ಹೋಗಿರುತ್ತದೆ. ಜಾಲರಿ ಪರೀಕ್ಷೆಗೆ ಅಂಥ ಮೂತ್ರ ಇಟ್ಟರೆ ನೀರು ಇಟ್ಟ ಹಾಗೆ.

ಬೆಡ್ಡಿಂಗ್: ಜೋಳದ ದಿಂಡಿನ ಚೂರು ಬಳಸುತ್ತಿದ್ದರೆ ಬದಲಿಸಿ. ಅದರಲ್ಲಿರುವ ಟೆಟ್ರಾಹೈಡ್ರೊಫ್ಯೂರಾನ್ ಡಯಾಲ್‌ಗಳು ರ‍್ಯಾಟ್‌ಗಳ ಋತುಚಕ್ರವನ್ನೂ ಗಂಡು ಹೆಣ್ಣು ಎರಡರ ಲೈಂಗಿಕ ನಡವಳಿಕೆಯನ್ನೂ ಕೆಡಿಸುತ್ತವೆ ಎಂದು 2002ರಿಂದಲೇ ಗೊತ್ತಿದೆ. ಆಹಾರದಲ್ಲಿ ಸೋಯಾ ಹೆಚ್ಚಿದ್ದರೂ ಈಸ್ಟ್ರೊಜೆನ್‌ನಂಥ ವಸ್ತುಗಳು ಸೇರುತ್ತವೆ. ಅಗ್ಗ ಅಂತ ಕೊಂಡ ಬೆಡ್ಡಿಂಗ್ ಕೊನೆಗೆ ದುಬಾರಿ ಬೀಳುತ್ತದೆ.

ಪೆಟ್ಟಿಗೆ: ಪ್ರತಿ ಇಲಿಯ ನಂತರ ಡಿಟರ್ಜೆಂಟ್, ಆಮೇಲೆ ಬಿಸಿನೀರು, ಕೊನೆಗೆ 70 ಶೇಕಡಾ ಆಲ್ಕೋಹಾಲ್, ಪೂರ್ತಿ ಒಣಗಲು ಬಿಡಿ. ಬರೀ ಆಲ್ಕೋಹಾಲ್ ಒರೆಸಿದರೆ ಪ್ರೋಟೀನು ಅಂಟಿಕೊಂಡು ಉಳಿಯುತ್ತದೆ. ಗೀರು ಬಿದ್ದ ಅಕ್ರಿಲಿಕ್ ಇನ್ನೂ ಕಷ್ಟ.

ಸ್ಲೈಡ್‌ಪೆಟ್ಟಿಗೆ

ಹಂತ ಗುರುತಿಸುವುದರ ಬಗ್ಗೆ ನಾನು ಸೇರಿಸುತ್ತೇನೆ. ಇಲಿಯ ಚಕ್ರ 4-5 ದಿನದ್ದು. 10-20 ಮೈಕ್ರೊಲೀಟರ್ ಸಲೈನ್ ಅನ್ನು ಪಿಪೆಟ್ ತುದಿಯಿಂದ ಯೋನಿಯ ಬಾಯಲ್ಲೇ ಎರಡು ಮೂರು ಸಲ ಒಳಹೊರಗೆ ಮಾಡಿ ಸ್ಲೈಡಿಗೆ ಬಿಡಿ, ಒಣಗಿಸಿ, 0.1 ಶೇಕಡಾ ಕ್ರಿಸ್ಟಲ್ ವಯೊಲೆಟ್ ಹಾಕಿ ನೋಡಿ. ದುಂಡಗೆ, ಕೋಶಕೇಂದ್ರ ಸ್ಪಷ್ಟವಾಗಿರುವ ಕೋಶಗಳು ತುಂಬಿದ್ದರೆ ಪ್ರೊಈಸ್ಟ್ರಸ್, ಬೆದೆಗೆ ಮುಂಚಿನ ಹಂತ. ಹರಿದ ಒಣ ಎಲೆಯ ಹಾಗೆ ಅಂಚು ಮುರಿದ, ಕೋಶಕೇಂದ್ರ ಇಲ್ಲದ ಚಪ್ಪಟೆ ಕೋಶಗಳು ರಾಶಿ ಬಿದ್ದಿದ್ದರೆ ಈಸ್ಟ್ರಸ್, ಅಂದರೆ ಬೆದೆ. ಸಣ್ಣ ಬಿಳಿರಕ್ತಕಣಗಳೇ ಹೆಚ್ಚಾಗಿದ್ದರೆ ಡೈಈಸ್ಟ್ರಸ್. ಒಂದೇ ದಿನದ ಸ್ಲೈಡ್ ನಂಬಬೇಡಿ. ಎರಡು ಪೂರ್ತಿ ಚಕ್ರ, ದಿನವೂ ಒಂದೇ ಹೊತ್ತಿಗೆ ನೋಡಿ ಆಮೇಲೆ ಪರೀಕ್ಷೆಗೆ ಇಳಿಯಿರಿ.

ಪಿಪೆಟ್ಟನ್ನು ಆಳಕ್ಕೆ ಚುಚ್ಚಿದರೆ ಗರ್ಭಕೊರಳು ಕೆರಳಿ ಇಲಿ ಹುಸಿಗರ್ಭಕ್ಕೆ ಹೋಗಬಹುದು. ಆಗ ಹತ್ತು ದಿನದ ಮೇಲೂ ಬರೀ ಡೈಈಸ್ಟ್ರಸ್ ಸ್ಲೈಡೇ ಬರುತ್ತಿರುತ್ತದೆ. ಹೆಣ್ಣುಗಳನ್ನಷ್ಟೇ ಒಂದೇ ಪಂಜರದಲ್ಲಿ ತುಂಬಿಟ್ಟರೂ ಚಕ್ರ ನಿಧಾನವಾಗುತ್ತದೆ, 1955ರಲ್ಲಿ ಲೀ ಮತ್ತು ಬೂಟ್ ಕಂಡದ್ದು ಅದನ್ನೇ. ಗಂಡಿನ ಬಳಸಿದ ಬೆಡ್ಡಿಂಗ್ ಒಂದು ಹಿಡಿ ಹಾಕಿದರೆ ಚಕ್ರ ಮತ್ತೆ ಶುರುವಾಗಿ ಮೂರನೆಯ ರಾತ್ರಿಗೆ ಬಹಳಷ್ಟು ಹೆಣ್ಣುಗಳು ಒಟ್ಟಿಗೆ ಬೆದೆಗೆ ಬರುತ್ತವೆ, ವಿಟನ್ ಪರಿಣಾಮ ಅಂತಾರಲ್ಲ, ಅದು. ಆದರೆ ಹಾಗೆ ಮಾಡಿದ ಹೆಣ್ಣುಗಳು ಗಂಡಿನ ವಾಸನೆ ಅರಿಯದವು ಅಲ್ಲ. ಎರಡನ್ನೂ ಒಟ್ಟಿಗೆ ಬಯಸುವಂತಿಲ್ಲ.

ಘ್ರಾಣಪ್ರಶ್ನೆ

ಅಂಡಾಶಯ ತೆಗೆದು ಹಾರ್ಮೋನು ಕೊಟ್ಟರೆ ಈ ರಗಳೆಯೇ ಇಲ್ಲವಲ್ಲ?

ಹಾರ್ಮೋನ್‌ಹಳ್ಳಿ

ಸ್ಲೈಡ್ ನೋಡುವ ರಗಳೆ ತಪ್ಪುತ್ತದೆ, ಬೇರೆಯದು ಬರುತ್ತದೆ. ಶಸ್ತ್ರಕ್ರಿಯೆ ಆಗಿ ಕನಿಷ್ಠ ಎರಡು ವಾರ ಬಿಡಿ. ಬಳಕೆಯಲ್ಲಿರುವ ಕ್ರಮ ಹೀಗೆ: ಪರೀಕ್ಷೆಗೆ 48 ಗಂಟೆ ಮೊದಲು 10 ಮೈಕ್ರೊಗ್ರಾಂ ಈಸ್ಟ್ರಡೈಯಾಲ್ ಬೆಂಜೊಯೇಟ್ (ಈಸ್ಟ್ರೊಜೆನ್ನಿನ ಒಂದು ರೂಪ), 24 ಗಂಟೆ ಮೊದಲು 5 ಮೈಕ್ರೊಗ್ರಾಂ, 4ರಿಂದ 6 ಗಂಟೆ ಮೊದಲು 50 ಮೈಕ್ರೊಗ್ರಾಂ ಪ್ರೊಜೆಸ್ಟರಾನ್. ಮೂರನ್ನೂ ಎಳ್ಳೆಣ್ಣೆಯಲ್ಲಿ ಕರಗಿಸಿ ಚರ್ಮದಡಿ ಕೊಡುವುದು. ಎಣ್ಣೆ ಮಂದ, ಸೂಜಿ ತೆಗೆದ ತಕ್ಷಣ ತೂತಿನಿಂದ ವಾಪಸ್ ಬರುತ್ತದೆ. ಸೂಜಿಯನ್ನು ಕೆಲವು ಸೆಕೆಂಡು ಹಾಗೇ ಹಿಡಿದು, ಆಮೇಲೆ ತೆಗೆದು, ಬೆರಳಿಂದ ಒತ್ತಿ. ಡೋಸ್ ಅರ್ಧ ಸೋರಿಹೋದ ಹೆಣ್ಣು ಲಾರ್ಡೋಸಿಸ್ (ಗಂಡನ್ನು ಒಪ್ಪುವ ಭಂಗಿ) ಕೊಡುವುದಿಲ್ಲ, ಬೆನ್ನು ಬಗ್ಗಿಸಿ ನಿಲ್ಲುವ ಬದಲು ಗಂಡನ್ನು ಹಿಂಗಾಲಲ್ಲಿ ಒದೆಯುತ್ತದೆ. ಮೊದಲ ಸಲ ಹಾರ್ಮೋನು ಪಡೆದ ಹೆಣ್ಣಿಲಿಗಳು ಸರಿಯಾದ ಡೋಸ್ ಇದ್ದರೂ ಲಾರ್ಡೋಸಿಸ್ ಸರಿಯಾಗಿ ಕೊಡುವುದಿಲ್ಲ, ಕೆಲವು ಸುತ್ತು ಬೇಕಾಗುತ್ತದೆ.

ಇಲ್ಲಿ ಒಂದು ತೊಡಕಿದೆ. ಸಂಗಾತಿಯನ್ನು ಒಪ್ಪಲು ಪ್ರೊಜೆಸ್ಟರಾನ್ ಬೇಕು, ಅದೇ ಪ್ರೊಜೆಸ್ಟರಾನ್ ಡೈಈಸ್ಟ್ರಸ್‌ನಲ್ಲಿ ಮೂಗಿನ ಕೋಶಗಳನ್ನು ಸುಮ್ಮನಾಗಿಸುತ್ತದೆ. ಈಸ್ಟ್ರೊಜೆನ್ ಮೊದಲು ಏರಿ, ಹಿಂದೆಯೇ ಪ್ರೊಜೆಸ್ಟರಾನ್ ಸ್ವಲ್ಪ ಹೊತ್ತು ಬರುವುದು ಬೇರೆ, ಪ್ರೊಜೆಸ್ಟರಾನ್ ಒಂದೇ ಮೇಲಿರುವುದು ಬೇರೆ. ಹಾಗಾಗಿ ವಾಸನೆಯ ಒಲವು ಅಳೆಯುವವರು ಈಸ್ಟ್ರಡೈಯಾಲ್ ಮಾತ್ರ ಕೊಟ್ಟ ಗುಂಪು, ಎರಡೂ ಕೊಟ್ಟ ಗುಂಪು, ಬರೀ ಎಣ್ಣೆಯ ಗುಂಪು, ಮೂರನ್ನೂ ಇಡಬೇಕು. ಲಾರ್ಡೋಸಿಸ್‌ಗೆಂದು ಹೊಂದಿಸಿದ ಕ್ರಮವನ್ನು ಕಣ್ಣುಮುಚ್ಚಿ ಒಲವಿನ ಪರೀಕ್ಷೆಗೆ ತರಬೇಡಿ.

ಅಮಿಗ್ಡಲಮ್ಮ

ಎಲ್ಲರೂ ಮೂಗಿನಲ್ಲೇ ನಿಂತಿದ್ದೀರಿ. ಮಿದುಳಿಗೆ ಬಿಡಿ ನನ್ನನ್ನು.

ವೊಮೆರೊನೇಸಲ್ ಕೋಶಗಳ ತಂತು ಆಕ್ಸೆಸರಿ ಘ್ರಾಣ ಬಲ್ಬ್‌ಗೆ, ಅಲ್ಲಿಂದ ನೇರ ಮೀಡಿಯಲ್ ಅಮಿಗ್ಡಲಕ್ಕೆ ಹೋಗುತ್ತದೆ, ಕಾರ್ಟೆಕ್ಸ್‌ನ ಸುತ್ತುದಾರಿ ಇಲ್ಲ. ಮುಖ್ಯ ಘ್ರಾಣ ಬಲ್ಬ್‌ನಿಂದಲೂ ಕೆಲವು ತಂತು ಅದೇ ಮೀಡಿಯಲ್ ಅಮಿಗ್ಡಲಕ್ಕೆ ಬರುತ್ತವೆ ಎಂದು ಬಾಮ್ ಅವರ ಪ್ರಯೋಗಾಲಯ 2009ರಲ್ಲಿ ತೋರಿಸಿತು. ಹಾಗಾಗಿ ಎರಡೂ ದಾರಿ ಕೂಡುವ ಮೊದಲ ದೊಡ್ಡ ಜಂಕ್ಷನ್ ಅಲ್ಲೇ. ಅದರ ಹಿಂಭಾಗದ ಮೇಲಿನ ಪಾಲು ಸಂತಾನದ ಕೆಲಸಕ್ಕೆ, ಕೆಳಗಿನ ಪಾಲು ಬೇಟೆಗಾರ ಪ್ರಾಣಿಗಳ ಸಂಕೇತಕ್ಕೆ ಹೆಚ್ಚು ಮೀಸಲು. ಮುಂದೆ ಸ್ಟ್ರಯಾ ಟರ್ಮಿನಾಲಿಸ್‌ನ ಬೆಡ್ ನ್ಯೂಕ್ಲಿಯಸ್, ಅಲ್ಲಿಂದ ಮೀಡಿಯಲ್ ಪ್ರೀಆಪ್ಟಿಕ್ ಪ್ರದೇಶ ಮತ್ತು ವೆಂಟ್ರೊಮೀಡಿಯಲ್ ಹೈಪೊಥಾಲಮಸ್. ಗಂಡಿನ ಸಂಭೋಗಕ್ಕೆ ಪ್ರೀಆಪ್ಟಿಕ್ ಪ್ರದೇಶ ಬೇಕೇ ಬೇಕು. ಹೆಣ್ಣಿನ ಲಾರ್ಡೋಸಿಸ್‌ಗೆ ವೆಂಟ್ರೊಮೀಡಿಯಲ್ ಭಾಗದ ಹೊರಪಕ್ಕದ ಕೋಶಗಳು ಬೇಕು.

ಮೂಗಿನ ತಡೆ ಒಂದೇ ಸಾಲದು ಎನ್ನುವುದಕ್ಕೆ ಸಾಕ್ಷಿ ಇಲ್ಲಿದೆ. ನಿರಾವ್ ಶಾ ಅವರ ಗುಂಪು 2019ರಲ್ಲಿ ತೋರಿಸಿದಂತೆ, ಹೆಣ್ಣಿನ ವೆಂಟ್ರೊಮೀಡಿಯಲ್ ಹೈಪೊಥಾಲಮಸ್‌ನ ಪ್ರೊಜೆಸ್ಟರಾನ್ ಗ್ರಾಹಕವಿರುವ ಕೋಶಗಳಿಂದ ಪ್ರೀಆಪ್ಟಿಕ್ ಪ್ರದೇಶದ ಒಂದು ಭಾಗಕ್ಕೆ ಹೋಗುವ ನರತುದಿಗಳು ಈಸ್ಟ್ರಸ್ ಹೊತ್ತಿಗೆ ಸುಮಾರು ಮೂರುಪಟ್ಟು ಹೆಚ್ಚುತ್ತವೆ, ಆಮೇಲೆ ಇಳಿಯುತ್ತವೆ. 4-5 ದಿನಕ್ಕೊಮ್ಮೆ ತಂತುಗಳ ತುದಿಯನ್ನೇ ಬೆಳೆಸಿ ಕತ್ತರಿಸುವ ಕೆಲಸ. ಡೈಈಸ್ಟ್ರಸ್‌ನಲ್ಲಿ ಮೂಗು ಸುದ್ದಿ ಕಳಿಸಿದರೂ ಅದನ್ನು ನಡವಳಿಕೆಯಾಗಿಸುವ ತಂತಿ ತೆಳುವಾಗಿರುತ್ತದೆ. ಅಂದರೆ ಹಾರ್ಮೋನು ಒಂದೇ, ಬಾಗಿಲು ಎರಡು ಕಡೆ.

ಮೂಗುದಾರ

ಒಪ್ಪಿದೆ. ಆದರೆ ಗಂಡಿನಲ್ಲಿ ವೊಮೆರೊನೇಸಲ್ ಅಂಗ ಲಿಂಗ ಗುರುತಿಸಲು ಮಾತ್ರ ಎನ್ನುವ ವಾದದ ಬಗ್ಗೆ? 2002ರ ಪ್ರಯೋಗದಲ್ಲಿ, ವೊಮೆರೊನೇಸಲ್ ಕೋಶಗಳ ಕೆಲಸಕ್ಕೆ ಬೇಕಾದ ಟಿಆರ್‌ಪಿಸಿ2 ಜೀನ್ ಇಲ್ಲದ ಗಂಡಿಲಿಗಳು ಗಂಡು ಹೆಣ್ಣು ನೋಡದೆ ಎಲ್ಲರ ಮೇಲೂ ಸಂಭೋಗಕ್ಕೆ ಹತ್ತಿದವು.

ಅಮಿಗ್ಡಲಮ್ಮ

ಅದು ನಿಜ, ಆದರೆ ಆ ಪ್ರಯೋಗಕ್ಕೆ ಹೊರಿಸಿದ ಅರ್ಥ ಜಾಸ್ತಿಯಾಯಿತು. ಹತ್ತುವುದು ನಿಲ್ಲಲಿಲ್ಲ, ಆಯ್ಕೆ ಕೆಟ್ಟಿತು. ಹತ್ತುವ ಪ್ರೇರಣೆ ಮುಖ್ಯ ಘ್ರಾಣವ್ಯವಸ್ಥೆಯಿಂದ ಬರುತ್ತದೆ. 2005ರಲ್ಲಿ ಸಿಎನ್‌ಜಿಎ2 ಜೀನ್ ಇಲ್ಲದ, ಅಂದರೆ ಮುಖ್ಯ ಘ್ರಾಣಪಟಲ ಕೆಲಸ ಮಾಡದ ಗಂಡುಗಳು ಸಂಭೋಗಕ್ಕೂ ಇಲ್ಲ, ಜಗಳಕ್ಕೂ ಇಲ್ಲ ಎಂದಾದವು.

ಹೆಣ್ಣಿನ ಕಥೆ ಇನ್ನೂ ಗೋಜಲು. 2007ರಲ್ಲಿ ಟಿಆರ್‌ಪಿಸಿ2 ಇಲ್ಲದ ಹೆಣ್ಣುಗಳು ಗಂಡಿನಂತೆ ಹತ್ತುತ್ತವೆ ಎಂದು ಡುಲಾಕ್ ತಂಡ ಬರೆಯಿತು. 2009ರಲ್ಲಿ ಮಾರ್ಟೆಲ್ ಮತ್ತು ಬಾಮ್ ಪ್ರಾಯದ ಹೆಣ್ಣಿನ ವೊಮೆರೊನೇಸಲ್ ಅಂಗವನ್ನು ಶಸ್ತ್ರಕ್ರಿಯೆಯಿಂದ ತೆಗೆದರು, ಹಾಗೇನೂ ಆಗಲಿಲ್ಲ. ಜೀನ್ ಹುಟ್ಟಿನಿಂದಲೇ ಇಲ್ಲದಿರುವುದೂ ದೊಡ್ಡದಾದ ಮೇಲೆ ಅಂಗ ತೆಗೆಯುವುದೂ ಒಂದೇ ಅಲ್ಲ. ಮೇಲಾಗಿ 2014ರಲ್ಲಿ ಒಮುರ ಮತ್ತು ಮೊಂಬಾರ್ಟ್ಸ್ ಟಿಆರ್‌ಪಿಸಿ2 ಇರುವ ಕೋಶಗಳನ್ನು ಮುಖ್ಯ ಘ್ರಾಣಪಟಲದಲ್ಲೂ ಕಂಡರು. ಆ ಜೀನ್ ತೆಗೆದರೆ ವೊಮೆರೊನೇಸಲ್ ಅಂಗ ಮಾತ್ರ ಹೋಯಿತು ಎಂದು ಈಗ ಯಾರೂ ಧೈರ್ಯವಾಗಿ ಹೇಳಲಾರರು.

ಸ್ಲೈಡ್‌ಪೆಟ್ಟಿಗೆ

ಅಂಗ ತೆಗೆಯುವ ಪ್ರಯೋಗವೂ ಪರೀಕ್ಷಿಸದೆ ನಂಬುವಂತಿಲ್ಲ. ತುಂಡು ಉಳಿದರೆ ಸಂಕೇತ ಹೋಗುತ್ತಲೇ ಇರುತ್ತದೆ. ಕೊನೆಯಲ್ಲಿ ಬಲ್ಬ್ ಕತ್ತರಿಸಿ ಸೋಯಾ ಲೆಕ್ಟಿನ್ ಬಣ್ಣ ಹಾಕಿ, ಆಕ್ಸೆಸರಿ ಬಲ್ಬ್‌ನ ಗ್ಲೊಮೆರುಲಸ್ ಪದರದಲ್ಲಿ ಬಣ್ಣ ಉಳಿದ ಪ್ರಾಣಿಗಳನ್ನು ಲೆಕ್ಕದಿಂದ ಬಿಡಬೇಕು. ಇನ್ನೊಂದು ಕಡೆ, ಮುಖ್ಯ ಘ್ರಾಣಪಟಲ ಸುಡಲು ಮೂಗಿಗೆ ಜಿಂಕ್ ಸಲ್ಫೇಟ್ ಹಾಕುವವರು ಎಡವುವುದು ಬೇರೆ ಥರ: ದೂರದ ವಾಸನೆ ಸಿಗದ ಇಲಿ ಹತ್ತಿರವೇ ಹೋಗುವುದಿಲ್ಲ, ಮೂಗು ತಾಗಿಸುವುದಿಲ್ಲ, ಪಂಪು ನಡೆಯುವುದಿಲ್ಲ. ವೊಮೆರೊನೇಸಲ್ ಅಂಗ ಚೆನ್ನಾಗಿಯೇ ಇದ್ದರೂ ಅದಕ್ಕೆ ಏನೂ ತಲುಪಿರುವುದಿಲ್ಲ. ಘ್ರಾಣಪಟಲ ಕೆಲವು ವಾರದಲ್ಲಿ ಮತ್ತೆ ಬೆಳೆಯುತ್ತದೆ ಎನ್ನುವುದೂ ನೆನಪಿರಲಿ.

ಹಾರ್ಮೋನ್‌ಹಳ್ಳಿ

ಇದೇ ಗೊಂದಲವನ್ನು ಗೋಲ್ಡನ್ ಹ್ಯಾಮ್‌ಸ್ಟರ್ ಬಿಡಿಸಿತ್ತು. 1975ರಲ್ಲಿ ಪವರ್ಸ್ ಮತ್ತು ವಿನನ್ಸ್ ವೊಮೆರೊನೇಸಲ್ ನರ ಕತ್ತರಿಸಿದಾಗ ಸುಮಾರು ಮೂರನೇ ಒಂದು ಭಾಗ ಗಂಡುಗಳು ಮಾತ್ರ ಸಂಭೋಗದಲ್ಲಿ ಹಿಂದೆ ಬಿದ್ದವು. ಜತೆಗೆ ಜಿಂಕ್ ಸಲ್ಫೇಟ್‌ನಿಂದ ಮುಖ್ಯ ಘ್ರಾಣವನ್ನೂ ಕೆಡಿಸಿದಾಗ ಎಲ್ಲವೂ ನಿಂತವು. ಆ ಮೂರನೇ ಒಂದು ಭಾಗ ಯಾವುದು? ಮೆರೆಡಿತ್ ಆಮೇಲೆ ತೋರಿಸಿದ ಹಾಗೆ, ಹಿಂದೆ ಹೆಣ್ಣಿನ ಜತೆ ಸೇರದ ಗಂಡುಗಳಿಗೆ ವೊಮೆರೊನೇಸಲ್ ಅಂಗ ತೆಗೆದರೆ ದೊಡ್ಡ ಪೆಟ್ಟು, ಅನುಭವವುಳ್ಳವಕ್ಕೆ ಹಾಗಲ್ಲ. ಅಂಗ ತೆಗೆದ ಅನನುಭವಿ ಗಂಡುಗಳಿಗೆ ಸಂತಾನಕ್ರಿಯೆ ಚುರುಕುಗೊಳಿಸುವ ಮಿದುಳಿನ ಹಾರ್ಮೋನು ಜಿಎನ್‌ಆರ್‌ಎಚ್ ಕೊಟ್ಟಾಗ ನಡವಳಿಕೆ ಮರಳಿತು. ಅಂದರೆ ಅಂಗ ಹೋದರೂ ಮುಂದಿನ ಜಾಲ ಸರಿಯಾಗಿಯೇ ಇತ್ತು, ಕೆರಳಿಸುವವರಿರಲಿಲ್ಲ ಅಷ್ಟೆ.

ಹ್ಯಾಮ್‌ಸ್ಟರ್ ಫಲಿತಾಂಶವನ್ನು ಇಲಿಗೆ ಹಾಗೇ ಅಂಟಿಸಬೇಡಿ. ಅಲ್ಲಿ ಹೆಣ್ಣಿನ ಯೋನಿಸ್ರಾವದ ಡೈಮಿಥೈಲ್ ಡೈಸಲ್ಫೈಡ್ ದೂರದಿಂದ ಸೆಳೆಯುತ್ತದೆ, ನೆಕ್ಕಿದಾಗ ಸಿಗುವ ಅಫ್ರೊಡಿಸಿನ್ ಪ್ರೋಟೀನು ಹತ್ತುವಂತೆ ಮಾಡುತ್ತದೆ. ಇಲಿಯಲ್ಲಿ ಮಾತಾಡುವುದು ಮೂತ್ರ ಮತ್ತು ಕಣ್ಣೀರು.

ಬೆಡ್ಡಿಂಗ್‌ಬಾಕ್ಸ್

ಕಣ್ಣೀರು ಅಂದಿರಿ, ತಳಿಯ ಮಾತು ಬಂತು. ಗಂಡಿಲಿಯ ಕಣ್ಣೀರಿನ ಇಎಸ್‌ಪಿ1 ಪೆಪ್ಟೈಡ್ ಹೆಣ್ಣಿನ ಲಾರ್ಡೋಸಿಸ್ ಹೆಚ್ಚಿಸುತ್ತದೆ, ಹಿಡಿಯುವುದು ವಿ2ಆರ್‌ಪಿ5 ಎನ್ನುವ ಒಂದೇ ಗ್ರಾಹಕ, ತೌಹಾರ ತಂಡದ 2010ರ ಕೆಲಸ. ಬಿಎಎಲ್‌ಬಿ/ಸಿ ಗಂಡುಗಳು ಅದನ್ನು ಸುರಿಸುತ್ತವೆ, ಸಿ57ಬಿಎಲ್/6 ಗಂಡುಗಳು ಸುರಿಸುವುದಿಲ್ಲ. ಎರಡೂ ಕಡೆ ಸಿ57 ಇಟ್ಟುಕೊಂಡು "ಕಣ್ಣೀರಿಗೆ ಪರಿಣಾಮ ಇಲ್ಲ" ಅಂದರೆ ತಪ್ಪು ಇಲಿಯದಲ್ಲ. ಬ್ರೂಸ್ ಪರಿಣಾಮದಲ್ಲೂ, ಅಂದರೆ ಗರ್ಭ ಕಟ್ಟಿದ ಹೊಸದರಲ್ಲಿ ಅಪರಿಚಿತ ಗಂಡಿನ ವಾಸನೆಯಿಂದ ಗರ್ಭ ನಿಲ್ಲದಿರುವುದರಲ್ಲೂ, ಇದೇ ಪೆಪ್ಟೈಡ್ ಕೈಯಾಡಿಸುತ್ತದೆ ಎಂದು 2017ರಲ್ಲಿ ಗೊತ್ತಾಯಿತು.

ಇನ್ನೊಂದು, ಪರೀಕ್ಷೆ ನಡೆಸುವವರ ಮೈವಾಸನೆಯೂ ಲೆಕ್ಕಕ್ಕೆ ಬರುತ್ತದೆ. ಗಂಡಸರು ಹತ್ತಿರ ಇದ್ದರೆ, ಅವರು ಹಾಕಿಕೊಂಡ ಅಂಗಿ ಇದ್ದರೂ ಸಾಕು, ಇಲಿಗಳ ಒತ್ತಡ ಏರುತ್ತದೆ ಎಂದು 2014ರಲ್ಲಿ 'ನೇಚರ್ ಮೆಥಡ್ಸ್'ನಲ್ಲಿ ಬಂತು. ಒಂದು ಗುಂಪಿನ ಪರೀಕ್ಷೆಯನ್ನು ಒಬ್ಬರೇ ಮುಗಿಸಿ.

ಘ್ರಾಣಪ್ರಶ್ನೆ

ಹಾಗಾದರೆ ಹೀಗೆ ಬದಲಿಸುತ್ತೇನೆ. ಮೊದಲು ಜಾಲರಿಯೊಡನೆ 5 ನಿಮಿಷ, ನಂತರ ಜಾಲರಿ ತೆಗೆದು 5 ನಿಮಿಷ, ಕೆಂಪು ಬೆಳಕಿನಲ್ಲಿ, ಕತ್ತಲೆಯ ಅವಧಿಯಲ್ಲಿ. ಪ್ರತಿ ಇಲಿಗೆ ಒಂದೇ ಸಲ. ಆಮೇಲೆ ಮಿದುಳಿನಲ್ಲಿ ಸಿ-ಫಾಸ್ ನೋಡುವುದು, ಅಂದರೆ ಈಚೆಗೆ ಚುರುಕಾದ ನರಕೋಶಗಳನ್ನು ತೋರಿಸುವ ಪ್ರೋಟೀನು. ಸರಿಯೇ?

ಅಮಿಗ್ಡಲಮ್ಮ

ವರ್ತನೆಗೆ ಸರಿ, ಸಿ-ಫಾಸ್‌ಗೆ ಸಾಲದು. ಜಾಲರಿ ತೆಗೆದ ಮೇಲೆ ಆದದ್ದೂ ಮೊದಲಿನದೂ ಒಂದೇ ಮಿದುಳಿನಲ್ಲಿ ಬೆರೆತುಹೋಗುತ್ತದೆ. ಜಾಲರಿ ಮಾತ್ರ ಇದ್ದ ಗುಂಪು, ಮುಟ್ಟಲು ಬಿಟ್ಟ ಗುಂಪು, ಬರೀ ಕಾಗದದ ಗುಂಪು ಬೇರೆ ಬೇರೆ ಇರಲಿ, ಒಂದೊಂದರಲ್ಲೂ ಈಸ್ಟ್ರಸ್ ಮತ್ತು ಡೈಈಸ್ಟ್ರಸ್ ಹೆಣ್ಣು. ವಾಸನೆ ಕೊಟ್ಟು 90 ನಿಮಿಷಕ್ಕೆ ಪರ್ಫ್ಯೂಷನ್, ಅಂದರೆ ರಕ್ತನಾಳದ ಮೂಲಕ ದ್ರಾವಣ ಹರಿಸಿ ಮಿದುಳನ್ನು ಕಾಯ್ದಿಡುವುದು. ಅದಕ್ಕೂ ಮೊದಲು ಕನಿಷ್ಠ ಎರಡು ಗಂಟೆ ಇಲಿಯನ್ನು ಅಲುಗಾಡಿಸದೆ ಪರೀಕ್ಷಾ ಪಂಜರದಲ್ಲೇ ಬಿಟ್ಟಿರಬೇಕು, ಇಲ್ಲದಿದ್ದರೆ ಎತ್ತಿಕೊಂಡು ಬಂದ ಗಾಬರಿಯೇ ಅಮಿಗ್ಡಲದಲ್ಲಿ ಬೆಳಗುತ್ತದೆ. ಎಣಿಸುವವರಿಗೆ ಗುಂಪಿನ ಹೆಸರು ಗೊತ್ತಿರಬಾರದು.

ಆಕ್ಸೆಸರಿ ಬಲ್ಬ್, ಮೀಡಿಯಲ್ ಅಮಿಗ್ಡಲ, ವೆಂಟ್ರೊಮೀಡಿಯಲ್ ಮೂರನ್ನೂ ಎಣಿಸಿ. ಮುಟ್ಟಿದ ಡೈಈಸ್ಟ್ರಸ್ ಹೆಣ್ಣಿನ ಆಕ್ಸೆಸರಿ ಬಲ್ಬ್‌ನಲ್ಲೇ ಎಣಿಕೆ ಕಡಿಮೆ ಬಂದರೆ ತಡೆ ಮೂಗಿನಲ್ಲಿ. ಬಲ್ಬ್‌ನಲ್ಲಿ ಸಮ ಬಂದು ಹೈಪೊಥಾಲಮಸ್‌ನಲ್ಲಿ ಮಾತ್ರ ಇಳಿದರೆ ತಡೆ ಮುಂದೆ.

ಮೂಗುದಾರ

ವಿಡಿಯೊದಲ್ಲಿ ಮುಟ್ಟಿದ್ದನ್ನು ಪ್ರತ್ಯೇಕ ಎಣಿಸಿ. ಮೀಸೆ ಮುಂದಕ್ಕೆ ಬೀಸುತ್ತಾ ಮೂಗು ಕಾಗದದ ಮೇಲೆ ತೇಲುತ್ತಿದ್ದರೆ ಅದು ಬರೀ ಮೂಸುವುದು. ಮೂಗಿನ ತುದಿ ಒದ್ದೆ ಕಲೆಗೆ ಒತ್ತಿ, ತಲೆ ಚಿಕ್ಕ ಚಿಕ್ಕದಾಗಿ ಮೇಲೆ ಕೆಳಗೆ ಕುಣಿದರೆ ದ್ರವ ಒಳಗೆ ಹೋಗುವ ಅವಕಾಶ ಇದೆ. ಮುಟ್ಟಲು ಬಿಟ್ಟ ಗುಂಪಿನಲ್ಲಿದ್ದೂ ಒಮ್ಮೆಯೂ ಮುಟ್ಟದ ಇಲಿಯನ್ನು ಆ ಗುಂಪಿನ ಸಿ-ಫಾಸ್ ಸರಾಸರಿಗೆ ಸೇರಿಸಬೇಡಿ, ಆದರೆ ಎಷ್ಟು ಇಲಿ ಹಾಗೆ ಬಿಟ್ಟಿರಿ ಎಂದು ಬರೆಯಿರಿ. ಡೈಈಸ್ಟ್ರಸ್‌ನಲ್ಲೇ ಮುಟ್ಟದವು ಹೆಚ್ಚಿದ್ದರೆ ಅದೂ ಒಂದು ಫಲಿತಾಂಶ.

ಬೆಡ್ಡಿಂಗ್‌ಬಾಕ್ಸ್

ಗುಂಪು ಹೆಚ್ಚಿದವು, ಇಲಿಗಳ ಸಂಖ್ಯೆಯೂ ಹೆಚ್ಚುತ್ತದೆ. ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಗೆ ಮೊದಲು ಕೊಟ್ಟ ಫಾರ್ಮ್ ಬಿ ಯಲ್ಲಿ ಬರೆದದ್ದಕ್ಕಿಂತ ಮೀರಿದರೆ ತಿದ್ದುಪಡಿಗೆ ಒಪ್ಪಿಗೆ ಪಡೆದೇ ಶುರು ಮಾಡಿ. ಪ್ರಾಣಿ ಪ್ರಯೋಗಗಳ ಮೇಲುಸ್ತುವಾರಿಯ ಸರ್ಕಾರಿ ಸಮಿತಿ, ಹಿಂದೆ ಸಿಪಿಸಿಎಸ್‌ಇಎ ಎನ್ನುತ್ತಿದ್ದ, ಈಗಿನ ಸಿಸಿಎಸ್‌ಇಎ ನಿಯಮ ಅದೇ. ಅಂಡಾಶಯ ತೆಗೆಯುವ ಗುಂಪು ಸೇರಿಸುವುದಾದರೆ ನೋವುನಿವಾರಕದ ಹೆಸರು, ಡೋಸ್, ಎಷ್ಟು ಗಂಟೆಗೊಮ್ಮೆ ಎಂಬುದನ್ನೂ ಅದೇ ಅರ್ಜಿಯಲ್ಲಿ ಬರೆಯಿರಿ.